ಹತ್ತಿರ ಹೋದರೆ ಕಾಣದ ಗುಂಡಿ

ಗೋಡೆಯ ಮೇಲಿನ ಕಲೆಯನ್ನು ಜರಡಿಯಮ್ಮ ಕರವಸ್ತ್ರದಿಂದ ಒರೆಸಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ಆಗಲೂ ಹೋಗಲಿಲ್ಲ. ಕೈ ಅಡ್ಡ ಬಂದಾಗ ಆ ಕಲೆ ಗೋಡೆಯನ್ನು ಬಿಟ್ಟು ಅವಳ ಮುಂಗೈಯ ಮೇಲೆ ಬಂದು ಕೂತಿತು.

"ಅದು ಒರೆಸಿದ್ರೆ ಹೋಗಲ್ಲ ಮೇಡಂ. ನಕ್ಷೇಲಿರೋದು," ಎಂದ ಬೆಸುಗೆಯಣ್ಣ, ಮೇಜಿನ ಆ ಕಡೆಯಿಂದ, ತಲೆ ಎತ್ತದೆ.

ಯೋಜನಾ ಕಚೇರಿಯ ಸಭಾಂಗಣದಲ್ಲಿ ಆ ಹೊತ್ತಿಗೆ ಇದ್ದವರು ಅವರಿಬ್ಬರೇ. ಬೆಸುಗೆಯಣ್ಣನ ಕೆಲಸ ಒಂದು ತಂತ್ರಾಂಶಕ್ಕೆ ಇನ್ನೊಂದನ್ನು ಜೋಡಿಸಿ, ಜೋಡಿಸಿದ್ದು ಕಳಚದಂತೆ ನೋಡಿಕೊಳ್ಳುವುದು. ಹೆಸರು ಹಾಗೆ ಬಂದದ್ದು. ಜರಡಿಯಮ್ಮ ತನಿಖಾ ಇಲಾಖೆಯವಳು. ಯಾರ ಮಾತನ್ನಾದರೂ ಸರಿ, ಜರಡಿ ಹಿಡಿದು ಕಲ್ಲು ಬೇರೆ ಕಾಳು ಬೇರೆ ಮಾಡುತ್ತಾಳೆಂದು ಇಲಾಖೆಯವರು ಅವಳಿಗೆ ಆ ಹೆಸರು ಕಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಈಗ ಎದುರಿಗೇ ಕರೆದರೂ ಅವಳಿಗೆ ಬೇಸರವಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೇ.

ಆ ಹೆಮ್ಮೆಗೆ ಅಂದು ಬೆಳಗ್ಗೆ ಕೊನೆಗಾಲ ಬಂದಿತ್ತು.

ನಾಳೆ ವಿಚಾರಣಾ ಸಮಿತಿ ಕೂರಲಿತ್ತು. ತನ್ನ ವರದಿಯ ಜೊತೆ ಲಗತ್ತಿಸಲು ನೆಲದ ಎತ್ತರ ತೋರಿಸುವ ನಕ್ಷೆಯ ಒಂದು ಪ್ರತಿ ಬೇಕೆಂದು ಅವಳು ಬಂದಿದ್ದಳು. ಬೆಸುಗೆಯಣ್ಣ ಪ್ರೊಜೆಕ್ಟರಿನಿಂದ ಇಡೀ ಊರನ್ನು ಗೋಡೆಯ ಮೇಲೆ ಬಿಟ್ಟಿದ್ದ. ಎತ್ತರದ ಜಾಗ ತಿಳಿ ಹಳದಿ, ತಗ್ಗಾದಂತೆಲ್ಲ ಕಂದು. ಹೊಳೆ ಒಂದು ಕಂದು ದಾರದ ಹಾಗೆ. ಆಸ್ಪತ್ರೆಯ ಹಿಂದುಗಡೆ, ಹಳದಿಯ ನಡುವೆ, ಹೆಸರುಕಾಳಿನಷ್ಟು ದೊಡ್ಡ ಕಡುಗಂದು ಚುಕ್ಕೆ.

ಅದು ಯಾವ ಜಾಗ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಾದಿಯರ ವಸತಿಗೃಹ ಇದ್ದದ್ದು ಅಲ್ಲಿ. ಅದರ ಒಂದು ಭಾಗ ನೆಲದೊಳಕ್ಕೆ ಕುಸಿದದ್ದೂ, ಪಾಳಿ ಮುಗಿಸಿ ಬಂದು ಮಲಗಿದ್ದ ಹಿರಿಯ ದಾದಿಯೊಬ್ಬಳು ಮತ್ತೆ ಏಳದೇ ಹೋದದ್ದೂ ಅಲ್ಲಿಯೇ. ಅಗೆದು ನೋಡಿದರೆ ಕೆಳಗೆ ಗಟ್ಟಿ ನೆಲವೇ ಇರಲಿಲ್ಲ. ಯಾವುದೋ ಕಾಲದ ಕಲ್ಲಿನ ಕ್ವಾರಿ, ಕಸ ಸುರಿದು ಮುಚ್ಚಿದ್ದು.

"ಇದನ್ನ ಸ್ವಲ್ಪ ಹತ್ತಿರ ತಗೊಂಡ್ಬನ್ನಿ," ಎಂದಳು ಜರಡಿಯಮ್ಮ.

ಬೆಸುಗೆಯಣ್ಣ ಬೆರಳಿನಿಂದ ಮೌಸಿನ ಚಕ್ರ ತಿರುಗಿಸಿದ. ಊರು ಉಬ್ಬಿತು. ಬೀದಿಗಳು ಬಂದವು, ಆಸ್ಪತ್ರೆಯ ಆವರಣ ಬಂತು. ಇನ್ನೇನು ಚುಕ್ಕೆ ದೊಡ್ಡದಾಗಿ ಕಾಣಬೇಕು, ಅಷ್ಟರಲ್ಲಿ ಗೋಡೆ ಒಮ್ಮೆ ಮಿಣುಕಿ ಹೊಸದಾಗಿ ಚಿತ್ರ ಬರೆದುಕೊಂಡಿತು. ಚುಕ್ಕೆ ಇಲ್ಲ. ನಯವಾದ, ಸಪಾಟಾದ, ತಿಳಿ ಹಳದಿ.

"ಹಿಂದೆ ಹೋಗಿ."

ಹಿಂದೆ ಹೋದರೆ ಚುಕ್ಕೆ ಬಂತು. ಮುಂದೆ ಹೋದರೆ ಮಾಯ. ಕಣ್ಣಾಮುಚ್ಚಾಲೆ ಆಡ್ತಿದೆಯಲ್ಲ ಇದು ಎಂದು ಬೆಸುಗೆಯಣ್ಣ ನಕ್ಕ. ಜರಡಿಯಮ್ಮನಿಗೆ ನಗು ಬರಲಿಲ್ಲ. ಅವಳ ಕಿವಿ ಬಿಸಿಯಾಗತೊಡಗಿತ್ತು.

ಕಳೆದ ವಾರ, ಇದೇ ಕೋಣೆಯಲ್ಲಿ, ಇದೇ ಗೋಡೆಯ ಮುಂದೆ ಅವಳು ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದಳು. ನಕ್ಷೆ ವಿಭಾಗದ ಮುಖ್ಯಸ್ಥರು. ಗಂಟೆ ಎಷ್ಟಾಯಿತು ಎಂದು ಕೇಳಿದವರಿಗೆ ಗಡಿಯಾರ ಹುಟ್ಟಿದ ಕಥೆ ಹೇಳುವವರು. ಕಚೇರಿಯ ಬಾಯಲ್ಲಿ ಅವರು ಪ್ರವಚನ ಸಾಹೇಬರು. ಆ ಕ್ವಾರಿಯನ್ನು ತಾವೇ ಅಳತೆ ಮಾಡಿಸಿ ನಕ್ಷೆಗೆ ಸೇರಿಸಿದ್ದೇವೆ, ನಕ್ಷೆ ನೋಡಿದ್ದರೆ ಯಾರೂ ಅಲ್ಲಿ ಕಟ್ಟಡಕ್ಕೆ ಅನುಮತಿ ಕೊಡುತ್ತಿರಲಿಲ್ಲ ಎಂದು ಅವರು ಪಟ್ಟು ಹಿಡಿದಿದ್ದರು. ಅನುಮತಿ ಕೊಟ್ಟವರು, ನಕ್ಷೆ ನೋಡಿಯೇ ಕೊಟ್ಟದ್ದು, ಅದರಲ್ಲಿ ಗುಂಡಿಯೇ ಇರಲಿಲ್ಲ ಎಂದಿದ್ದರು. ಹಾಗಾದರೆ ತೋರಿಸಿ ಎಂದಳು ಜರಡಿಯಮ್ಮ. ಸಾಹೇಬರು ಮೌಸಿನ ಚಕ್ರ ತಿರುಗಿಸಿ ನಕ್ಷೆಯಲ್ಲಿ ಆ ಜಾಗದ ಹತ್ತಿರ ಹೋದರು. ಇನ್ನೂ ಹತ್ತಿರ ಹೋದರು. ಅವರ ಹಣೆಯಲ್ಲಿ ಬೆವರು ಬಂತು. ಇಲ್ಲೇ ಇತ್ತು, ಇಲ್ಲೇ ಇತ್ತು ಎಂದು ಗೋಡೆ ತಡವಿದರು.

ಆಗ ಅವಳ ನಾಲಿಗೆ ಹರಿಯಿತು. "ಗುಂಡಿ ನಿಮ್ಮ ಬಾಯೊಂದನ್ನ ಬಿಟ್ಟು ಬೇರೆಲ್ಲಾದ್ರೂ ಇದ್ರೆ ತೋರ್ಸಿ ಸಾರ್."

ಕೋಣೆಗೆ ಕೋಣೆಯೇ ನಕ್ಕಿತ್ತು. ಸಾಹೇಬರನ್ನು ಅಂದೇ ಅಮಾನತು ಮಾಡಿದರು. ಪತ್ರಿಕೆಯವರಿಗೆ ಆ ಮಾತು ಯಾರೋ ಹೇಳಿ, ಅದು ದಪ್ಪಕ್ಷರದಲ್ಲಿ ಅಚ್ಚಾಯಿತು. ಅವಳು ಅದನ್ನು ಓದಿ, ಸುಳ್ಳೇಕೆ, ಇನ್ನೊಮ್ಮೆ ಓದಿದ್ದಳು.

"ಹತ್ತಿರ ಹೋದಾಗ ಕಂಡಿದ್ದೇ ನಿಜ ಅಲ್ವಾ?" ಎಂದು ಈಗ ಅವಳು ಕೇಳಿದಳು. ತನಗೇ ತನ್ನ ದನಿ ತೀರಾ ಸಣ್ಣದಾಗಿ ಕೇಳಿಸಿತು.

"ಹಂಗಂತ ಯಾರ್ ಹೇಳಿದ್ದು?"

"ಮನೇಲಿ. ತಿಳಿದೋರು."

ಬೆಸುಗೆಯಣ್ಣ ಕುರ್ಚಿ ಎಳೆದುಕೊಂಡು, ಊಟದ ಉಪಮೆಯಲ್ಲಿ ವಿವರಿಸತೊಡಗಿದ. ಅವನಿಗೆ ಯಾವಾಗಲೂ ಹಸಿವು. ನಕ್ಷೆ ಬರೆಯುವ ತಂತ್ರಾಂಶ ಎಂದರೆ ಬಡಿಸುವವನಿದ್ದ ಹಾಗೆ. ಅವನು ಅಡುಗೆ ಮಾಡುವುದಿಲ್ಲ. ಅಡುಗೆಮನೆ ಇರುವುದು ಡೇಟಾಬೇಸಿನಲ್ಲಿ. ಊರಿನ ನೆಲವನ್ನು ಸಣ್ಣ ಸಣ್ಣ ಚೌಕ ಮಾಡಿ, ಪ್ರತಿ ಚೌಕಕ್ಕೂ ಅದರ ಎತ್ತರ ಬರೆದಿಟ್ಟ ಒಂದು ದೊಡ್ಡ ಹಾಸು ಅಲ್ಲಿದೆ. ರಾಸ್ಟರ್ ಎನ್ನುತ್ತಾರೆ ಅದಕ್ಕೆ. ಅಷ್ಟು ದೊಡ್ಡದನ್ನು ಒಂದೇ ಸಲ ಎತ್ತಲಾಗದು ಎಂದು ತುಂಡು ತುಂಡು ಮಾಡಿ ಜೋಡಿಸಿಟ್ಟಿರುತ್ತಾರೆ. ಗೋಡೆಯ ಮೇಲೆ ಯಾವ ಬೀದಿ ಬೇಕೋ ಆ ಬೀದಿಯ ತುಂಡನ್ನಷ್ಟೇ ಬಡಿಸುವವನು ಕೇಳಿ ತರುತ್ತಾನೆ.

"ಆದ್ರೆ ಇಡೀ ಊರು ತೋರ್ಸು ಅಂದ್ರೆ? ಅಷ್ಟೂ ತುಂಡು ಹೊತ್ಕೊಂಡ್ ಬರೋಷ್ಟರಲ್ಲಿ ನಮ್ಮ ಚಹಾ ಆರಿಹೋಗುತ್ತೆ. ಅದಕ್ಕೇ ಮೊದಲೇ ಮಬ್ಬು ಪ್ರತಿ ಮಾಡಿಟ್ಟಿರ್ತಾರೆ. ಚಿಕ್ಕದು, ಒರಟು, ಬೇಗ ಬರುತ್ತೆ. ದೂರದಿಂದ ನೋಡೋವಾಗ ಮಬ್ಬು ಪ್ರತಿ. ಹತ್ತಿರ ಹೋದಾಗ ಅಸಲಿ ತುಂಡು."

"ಮಬ್ಬು ಪ್ರತಿ ಯಾವುದರಿಂದ ಮಾಡೋದು?"

"ಅಸಲಿಯಿಂದಲೇ."

"ಮತ್ತೆ ಅಸಲೀಲಿ ಇಲ್ಲದ ಗುಂಡಿ ಮಬ್ಬು ಪ್ರತೀಲಿ ಎಲ್ಲಿಂದ ಬಂತು?"

ಬೆಸುಗೆಯಣ್ಣನಿಗೂ ಆಗಲೇ ಹೊಳೆದದ್ದು. ಅಸಲಿಯಲ್ಲಿ ಗುಂಡಿ ಇತ್ತು. ಮಬ್ಬು ಪ್ರತಿ ಮಾಡಿದ ಮೇಲೆ ಯಾರೋ ಆ ಒಂದು ತುಂಡನ್ನು ತೆಗೆದು, ಗುಂಡಿ ಮುಚ್ಚಿದ ಬೇರೆ ತುಂಡು ಇಟ್ಟಿದ್ದಾರೆ. ಮಬ್ಬು ಪ್ರತಿಯನ್ನು ಮತ್ತೆ ಮಾಡಲು ಮರೆತಿದ್ದಾರೆ. ಈ ಕಸುಬಿನವರು ಮಾತ್ರ ಮಾಡಬಲ್ಲ ಮರೆವು ಅದು. ಮನೆಯವರನ್ನೆಲ್ಲ ಸಾಗಹಾಕಿ, ಬಾಗಿಲಲ್ಲಿ ಅವರ ಚಪ್ಪಲಿ ಬಿಟ್ಟ ಹಾಗೆ.

ಅಂದರೆ ಪ್ರವಚನ ಸಾಹೇಬರು ಹೇಳಿದ್ದು ಅಕ್ಷರಕ್ಕಕ್ಷರ ನಿಜ.

ಜರಡಿಯಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳ ವರದಿ ಸಿದ್ಧವಾಗಿತ್ತು. ನಾಳೆ ಸಮಿತಿ ಅದನ್ನು ಒಪ್ಪಿದರೆ ಸಾಹೇಬರಿಗೆ ಕೆಲಸ ಹೋಗುತ್ತದೆ. ಒಂದು ಸಾವಿನ ಹೊಣೆ ಅವರ ಕೊರಳಿಗೆ ಬೀಳುತ್ತದೆ. ಇಷ್ಟು ದಿನ ಕಾಳು ಕಲ್ಲು ಬೇರೆ ಮಾಡುತ್ತೇನೆಂದು ಬೀಗಿದ ಜರಡಿಯಲ್ಲಿ ಬೊಗಸೆ ಅಗಲದ ತೂತು ಬಿದ್ದಿತ್ತು, ಅದು ಊರಿಗೆಲ್ಲ ಕಾಣುವ ಮೊದಲು ಅವಳಿಗಾದರೂ ಕಂಡಿತಲ್ಲ.

ಆ ತುಂಡನ್ನು ಯಾರು ಬದಲಿಸಿದರು ಎಂದು ಹುಡುಕಬೇಕಿತ್ತು. ಅದಕ್ಕೆ ಅಡುಗೆಮನೆಯನ್ನು ತುಂಬಿಸಿದವರೇ ಬರಬೇಕು ಎಂದ ಬೆಸುಗೆಯಣ್ಣ. ಮಬ್ಬು ಪ್ರತಿ ಮಾಡಿದ್ದು ಯಾರು, ಬೀಗದ ಕೈ ಯಾರ ಯಾರ ಹತ್ತಿರ ಇತ್ತು, ಇದೆಲ್ಲ ಸಾಹೇಬರಿಗೇ ಗೊತ್ತಿರುವುದು. ಒಂದು ಫೋನ್ ಮಾಡಿ ಕರೆಸಿ ಎಂದ.

ಫೋನಿನಲ್ಲಿ ಆಗುವುದಿಲ್ಲ ಎಂದಳು ಅವಳು. ಅವಮಾನ ಮಾಡುವಾಗ ಮುಖಕ್ಕೆ ಮುಖ ಕೊಟ್ಟು ಮಾಡಿದ್ದಳು.

*

ಬಾಗಿಲು ತೆರೆದದ್ದು ಸಾಹೇಬರ ಹೆಂಡತಿ. ಕೈಯಲ್ಲಿ ಮಡಿಸುತ್ತಿದ್ದ ಬಟ್ಟೆ. ಯಾರೆಂದು ಗುರುತು ಹಿಡಿದ ಕೂಡಲೇ ಅವರ ಮುಖ ಗಂಟಿಕ್ಕಿತು.

"ಅವ್ರು ಮನೇಲಿಲ್ಲ ಅಂತ ಹೇಳು ಅಂದಿದಾರೆ," ಎಂದರು.

ಹಾಗೆಂದು ಹೇಳಿ ಬಾಗಿಲು ಹಾಕಲೂ ಇಲ್ಲ, ಒಳಗೆ ಬನ್ನಿ ಎನ್ನಲೂ ಇಲ್ಲ. ಅಕ್ಕಪಕ್ಕದ ಬಾಗಿಲುಗಳು ಸಂದು ಮಾಡಿಕೊಂಡು ನೋಡುತ್ತಿದ್ದವು. ಜರಡಿಯಮ್ಮ ಮೆಟ್ಟಿಲ ಮೇಲೆಯೇ ನಿಂತು, ತಾನು ಬಂದದ್ದು ತನಿಖೆಗಲ್ಲ, ತಪ್ಪೊಪ್ಪಿಕೊಳ್ಳಲು ಎಂದಳು. ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು, ಸಂದುಗಳಿಗೂ ಕೇಳಲಿ ಎಂದು. ಹೆಂಡತಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನಡುಮನೆಯಲ್ಲಿ ಸಾಹೇಬರು ಬನಿಯನ್ನಿನಲ್ಲಿ ಕೂತಿದ್ದರು. ಮುಂದೆ ಅರ್ಧ ಕುಡಿದ ಚಹಾ ಕೆನೆಗಟ್ಟಿತ್ತು. ಅವಳನ್ನು ನೋಡಿ ಏಳಲಿಲ್ಲ, ಬೈಯಲಿಲ್ಲ, ಏನನ್ನೂ ಹೇಳಲಿಲ್ಲ. ಹೆಂಡತಿ ಬಟ್ಟೆಯ ರಾಶಿಯನ್ನು ಕುರ್ಚಿಯಿಂದ ಎತ್ತಿ ಜಾಗ ಮಾಡಿಕೊಟ್ಟು, ಆ ಕಡೆ ನೋಡುತ್ತಾ ಮಾತಾಡಿದರು.

"ಮದುವೆ ಆದಾಗಿಂದ ಬಾಯ್ ಮುಚ್ಚಿ, ಬಾಯ್ ಮುಚ್ಚಿ ಅಂತ ಬೇಡ್ಕೊಂಡಿದೀನಿ ಇವರಿಗೆ. ಈಗ ಮುಚ್ಚಿದಾರೆ. ಮನೇಲಿ ಇರೋಕಾಗ್ತಿಲ್ಲ ನನಗೆ."

ಜರಡಿಯಮ್ಮನಿಗೆ ಕೂತ ಕುರ್ಚಿ ಮುಳ್ಳಾಯಿತು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ತಲೆ ಬಾಗಿಸಬಹುದು. ಈ ಮೌನಕ್ಕೆ ಏನು ಮಾಡುವುದು? ಮೇಲೆ ಫ್ಯಾನು ಒಂದೊಂದು ಸುತ್ತಿಗೂ ಕಿರ್ರೆಂದು ಕೂಗುತ್ತಿತ್ತು. ಏನಾದರೂ ಮಾತಾಡಲೇಬೇಕಾಗಿ, ಬಾಯಿಗೆ ಬಂದದ್ದನ್ನು ಅವಳು ಆಡಿಬಿಟ್ಟಳು.

"ನಮ್ಮನೇಲೂ ಹಿಂಗೇ ಕೂಗೋ ಫ್ಯಾನ್ ಒಂದಿತ್ತು. ನನ್ನ ತಮ್ಮ ಚಿಕ್ಕೋನಿದ್ದಾಗ ಅದಕ್ಕೆ ಹೆದರಿ ಮಂಚದ ಕೆಳಗೆ ಸೇರ್ಕೋತಿದ್ದ. ಗಿರಕಿಬೆಕ್ಕು ಅಂತ ಅದಕ್ಕೆ ಅವನೇ ಹೆಸರಿಟ್ಟಿದ್ದ. ಅಮ್ಮನಿಗೂ ಗೊತ್ತಿರಲಿಲ್ಲ ಆ ಹೆಸರು, ನಮ್ಮಿಬ್ಬರದ್ದೇ ಗುಟ್ಟು."

ಸಾಹೇಬರು ಕತ್ತೆತ್ತಿ ಫ್ಯಾನು ನೋಡಿದರು. "ಅದು ಬೇರಿಂಗ್ ಸವೆದು ಬರೋ ಶಬ್ದ," ಎಂದರು. "ಬೇರಿಂಗ್ ಅಂದ್ರೆ ಮೂಲತಃ..."

ಅಲ್ಲಿಗೇ ನಿಂತುಹೋಯಿತು. ಶುರುವಾಗಿದ್ದ ಪ್ರವಚನವನ್ನು ಅವರೇ ನುಂಗಿಕೊಂಡರು. ಅವರ ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದರು, ಮುಂದಿನ ಮಾತಿಗಾಗಿ ಕಾಯುವವರಂತೆ. ಅದು ಬರಲಿಲ್ಲ.

ಜರಡಿಯಮ್ಮ ಆಗ ಗೋಡೆಯ ಕಲೆಯ ಕಥೆ ಹೇಳಿದಳು. ಒರೆಸಿದ್ದು, ಹೋಗದಿದ್ದದ್ದು, ಹತ್ತಿರ ಹೋದಾಗ ಮಾಯವಾದದ್ದು, ಮಬ್ಬು ಪ್ರತಿ. ಏನನ್ನೂ ಬಿಡಲಿಲ್ಲ. ನೀವು ಹೇಳಿದ್ದು ನಿಜವಾಗಿತ್ತು, ನಾನು ಕೇಳಲಿಲ್ಲ ಎಂದಳು. ಕೇಳದಿದ್ದದ್ದು ಮಾತ್ರವಲ್ಲ, ಜನರನ್ನು ನಗಿಸಿದೆ ಎಂದಳು.

ಸಾಹೇಬರು ಆ ಆರಿದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಅವತ್ತು ನಕ್ಕೋರು ಎಷ್ಟು ಜನ?" ಎಂದು ಕೇಳಿದರು.

"ಎಲ್ಲರೂ."

"ನನ್ನ ಅಳಿಯ ಪೇಪರ್ ಓದಿ ಫೋನ್ ಮಾಡಿದ್ದ. ಹೌದಾ ಮಾವ ಅಂದ. ಹೌದಾ, ಅಷ್ಟೇ. ಅದಕ್ಕೆ ನಾನೇನ್ ಹೇಳ್ಬೇಕಿತ್ತು ಹೇಳಿ? ನೀವೀಗ ಒಬ್ರೇ ಬಂದು, ನನ್ನ ಹೆಂಡ್ತಿ ಮುಂದೆ ಮೆತ್ತಗೆ ಹೇಳಿ ಹೋದ್ರೆ, ಆ ನಗು ವಾಪಸ್ ಹೋಗುತ್ತಾ?"

"ನಾಳೆ ಅದೇ ಕೋಣೇಲಿ, ಅದೇ ಜನರ ಮುಂದೆ ಹೇಳ್ತೀನಿ. ತಪ್ಪು ನನ್ನದು ಅಂತ."

"ನಿಮ್ಮ ತಪ್ಪು ನೀವು ಹೇಳ್ತೀರಿ. ಸರಿ. ಗುಂಡಿ ಮುಚ್ಚಿದೋರು ಯಾರು? ಅವರ ಹೆಸರೂ ಹೇಳ್ತೀರಾ?"

"ಸಿಕ್ಕಿದ್ರೆ ಹೇಳ್ತೀನಿ."

"ದೊಡ್ಡೋರಾದ್ರೆ? ನಿಮ್ಮ ಇಲಾಖೆಯೋರೇ ಆದ್ರೆ?"

"ಯಾರೇ ಆಗಿರ್ಲಿ ಸಾರ್."

ಸಾಹೇಬರು ಅವಳ ಮುಖವನ್ನೇ ನೋಡಿದರು. ನಕ್ಷೆ ನೋಡುವವರ ನೋಟ ಅದು, ಎಲ್ಲಿ ತಗ್ಗು ಎಲ್ಲಿ ಉಬ್ಬು ಎಂದು ಹುಡುಕುವಂಥದ್ದು. ಆಮೇಲೆ ಅಂಗಿ ತರಲು ಎದ್ದರು. ಅವರ ಹೆಂಡತಿ ಬಾಗಿಲವರೆಗೆ ಬಂದು, ಜರಡಿಯಮ್ಮನಿಗೆ ಮಾತ್ರ ಕೇಳುವಂತೆ ಹೇಳಿದರು. "ನೀವು ಕೊಟ್ಟ ಮಾತಿಗೆ ನಾನೂ ಸಾಕ್ಷಿ. ನೆನಪಿರ್ಲಿ."

*

ಸಭಾಂಗಣದ ಬಾಗಿಲಲ್ಲೇ ಸಾಹೇಬರು ನಿಂತುಬಿಟ್ಟರು. ಒಳಗೆ ಬನ್ನಿ ಎಂದರೆ ಬರಲೊಲ್ಲರು. ಅಲ್ಲಿಂದಲೇ, ಕೋಣೆಯ ಆ ತುದಿಯ ಗೋಡೆಯನ್ನು, ಅದರ ಮೇಲಿನ ಹೆಸರುಕಾಳನ್ನು ನೋಡುತ್ತಿದ್ದರು.

ಬೆಸುಗೆಯಣ್ಣ ಹತ್ತಿರ ತೋರಿಸಲು ಮೌಸಿಗೆ ಕೈಹಾಕಿದ. "ಬೇಡಪ್ಪ," ಎಂದರು ಸಾಹೇಬರು. "ಸ್ವಲ್ಪ ಹೊತ್ತು ಅಲ್ಲೇ ಇರ್ಲಿ."

ಕಚೇರಿಯಲ್ಲಿ ಸುದ್ದಿ ಹಬ್ಬಿ, ಹಾದುಹೋಗುವವರೆಲ್ಲ ಬಾಗಿಲಲ್ಲಿ ನಿಧಾನ ಮಾಡಿ ಹೋಗುತ್ತಿದ್ದರು. ಕಳೆದ ವಾರ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗುಮಾಸ್ತನೊಬ್ಬ ಸಾಹೇಬರಿಗೆ ನಮಸ್ಕಾರ ಮಾಡಿದ. ಸಾಹೇಬರು ಅದನ್ನು ನೋಡಲೇ ಇಲ್ಲ.

"ನಾನೂ ಎಂಥ ದಡ್ಡ," ಎಂದರು. "ಅವತ್ತು ಇಲ್ಲ ಇಲ್ಲ ಅಂತ ಹತ್ತಿರ ಹತ್ತಿರ ಹೋದೆ. ಒಂದು ಸಲ ಹಿಂದೆ ಸರಿದು ನೋಡಿದ್ರೆ ಸಾಕಿತ್ತು. ನಾನೇ ಮಾಡಿಸಿದ ಮಬ್ಬು ಪ್ರತಿ ಅದು, ನನಗೇ ಮರೆತುಹೋಯ್ತು ನೋಡಿ." ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ.

ಆಮೇಲೆ ಅವರಿಗೆ ಮಾತು ಮರಳಿತು. ರಾಸ್ಟರ್ ಎಂಬುದರ ಹುಟ್ಟಿನಿಂದ ಹಿಡಿದು ಊರಿನ ಕ್ವಾರಿಗಳ ಚರಿತ್ರೆಯವರೆಗೆ ಹೇಳಿದರು. ಬೆಸುಗೆಯಣ್ಣ ಆಕಳಿಸಿದ. ಜರಡಿಯಮ್ಮ ಒಂದೊಂದು ಮಾತನ್ನೂ ಕೇಳಿದಳು. ಅಷ್ಟು ಕೇಳಿಸಿಕೊಳ್ಳುವುದು ತನ್ನ ಪಾಲಿನ ದಂಡವೆಂದು ಅವಳಿಗೆ ಅನಿಸುತ್ತಿತ್ತು. ಆ ಎಲ್ಲದರ ನಡುವಿನಿಂದ ಅವಳ ಜರಡಿಯಲ್ಲಿ ಒಂದು ಕಲ್ಲು ಉಳಿಯಿತು.

ಡೇಟಾಬೇಸಿನಲ್ಲಿ ತುಂಡು ಬದಲಿಸಲು ಮಾಲೀಕನ ಲಾಗಿನ್ ಬೇಕು. ಅದು ಸಾಹೇಬರ ಹತ್ತಿರ ಇತ್ತು. ಆ ಅಧಿಕಾರವನ್ನು ಅವರು ತಾವಾಗಿ ಬೇರೆ ಯಾರಿಗೂ ಕೊಟ್ಟವರಲ್ಲ, ಒಂದು ಸಲದ ಹೊರತು. ನಕ್ಷೆ ಬರೆಯುವ ತಂತ್ರಾಂಶವನ್ನು ಡೇಟಾಬೇಸಿಗೆ ಜೋಡಿಸಿ ಕೊಡಲು ಹೊರಗಿನ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಾಗ, ಅವರ ಕೆಲಸಗಾರನಿಗೆ ಹೊಸದಾಗಿ ಒಂದು ಲಾಗಿನ್ ಮಾಡಿಕೊಟ್ಟಿದ್ದರು. ಓದಲು ಮಾತ್ರ ಸಾಕು ಎಂದಿದ್ದರಂತೆ ಇವರು. ಕೆಲಸ ತಡವಾಗುತ್ತದೆ, ಪೂರ್ತಿ ಅಧಿಕಾರ ಕೊಡಿ, ಆಮೇಲೆ ಕಡಿಮೆ ಮಾಡೋಣ ಎಂದನಂತೆ ಅವನು. ಕಡಿಮೆ ಮಾಡುವುದು ಮರೆತೇ ಹೋಯಿತು.

"ಯಾರವನು?"

ಮುಖ ನೋಡಿಲ್ಲ, ಲಾಗಿನ್ ಮಾಡಿಕೊಟ್ಟದ್ದೂ ಕಂಪನಿಯ ಹೆಸರಲ್ಲೇ ಎಂದರು ಸಾಹೇಬರು. ಎಲ್ಲ ಹೊರಗಿನಿಂದಲೇ, ತಂತಿಯ ಮೇಲೆಯೇ ಮಾಡಿ ಮುಗಿಸಿದ. ಫೋನಿನಲ್ಲಿ ದನಿ ಮಾತ್ರ. ತುಂಬಾ ವಿನಯ, ಮಾತಿಗೊಂದು ಸಾರ್. ಗುತ್ತಿಗೆ ಮುಗಿದ ಮೇಲೆ ಹೊರಗಿನಿಂದ ಬರುವ ದಾರಿಯನ್ನೇ ಕಚೇರಿಯವರು ಮುಚ್ಚಿದರು.

"ಅದಕ್ಕೇ!" ಎಂದು ಬೆಸುಗೆಯಣ್ಣನ ಆಕಳಿಕೆ ಅರ್ಧಕ್ಕೆ ನಿಂತಿತು. ತುಂಡು ಬದಲಿಸಿದವನಿಗೆ ಮಬ್ಬು ಪ್ರತಿಯ ನೆನಪು ಆಮೇಲೆ ಬಂದಿರಬೇಕು. ಬಂದಾಗ ಬಾಗಿಲು ಹಾಕಿತ್ತು. ಸರಿ ಮಾಡಲು ಒಳಗೆ ಬರಲಾಗಲಿಲ್ಲ. ಇನ್ನು ಅವನಿಗೆ ಉಳಿದದ್ದು ಒಂದೇ ದಾರಿ, ಯಾರೂ ದೂರದಿಂದ ನೋಡದಿರಲಿ ಎಂದು ಹಾರೈಸುವುದು.

ಯಾರೂ ದೂರದಿಂದ ನೋಡದಿರಲಿ.

ಜರಡಿಯಮ್ಮನಿಗೆ ಈ ಮಾತು ಎಲ್ಲೋ ಕೇಳಿದ ಹಾಗೆ ಅನಿಸಿತು. ಯಾವುದೋ ಊಟದ ಮೇಜು, ಯಾವುದೋ ಸಂಜೆ, ಪಕ್ಕದಲ್ಲಿ ಕೂತು ಅವಳಿಗೆ ನಕ್ಷೆ ನೋಡುವುದನ್ನು ಕಲಿಸುತ್ತಿದ್ದ ಒಂದು ದನಿ: ದೂರದಿಂದ ನೋಡ್ಬೇಡ, ಹತ್ತಿರ ಕಂಡಿದ್ದೇ ನಿಜ. ಅವಳು ಆ ನೆನಪನ್ನು ಅಲ್ಲಿಗೇ ಅದುಮಿದಳು. ಪ್ರಪಂಚದಲ್ಲಿ ಎಷ್ಟೋ ಜನ ಎಷ್ಟೋ ಮಾತು ಹೇಳುತ್ತಾರೆ.

ಬೆಸುಗೆಯಣ್ಣ ಅಷ್ಟರಲ್ಲಿ ನಕ್ಷೆಯ ತಂತ್ರಾಂಶದ ಹೊಟ್ಟೆ ಬಿಚ್ಚುತ್ತಿದ್ದ. ಬಡಿಸುವವನಿಗೆ ಅಡುಗೆಮನೆಯ ದಾರಿ ಹೇಳುವ ಸಾಲೊಂದು ಅದರೊಳಗೆ ಇರುತ್ತದೆ ಎಂದ. ಯಾವ ಯಂತ್ರ, ಯಾವ ಡೇಟಾಬೇಸ್, ಯಾವ ಕೋಷ್ಟಕ, ತುಂಡುಗಳನ್ನೆಲ್ಲ ಸೇರಿಸಿ ಒಂದೇ ಚಿತ್ರವಾಗಿ ಓದಬೇಕೋ ಬಿಡಿಬಿಡಿಯಾಗಿ ಓದಬೇಕೋ, ಎಲ್ಲ ಆ ಒಂದೇ ಸಾಲಿನಲ್ಲಿ. ಜೋಡಿಸಿದವನು ಬರೆದದ್ದು. ಚೆನ್ನಾಗಿ ನಡೆಯುತ್ತಿದ್ದುದರಿಂದ ತಾನಾಗಲಿ ಬೇರೆಯವರಾಗಲಿ ಅದನ್ನು ತೆರೆದು ನೋಡಿರಲಿಲ್ಲ.

"ಅಯ್ಯೋ ಪುಣ್ಯಾತ್ಮ," ಎಂದ ಸಾಲು ಓದುತ್ತಾ. "ಬಡಿಸೋನ ಸೊಂಟಕ್ಕೆ ಉಗ್ರಾಣದ ಬೀಗದ ಕೈಯನ್ನೇ ಕಟ್ಟಿ ಹೋಗಿದಾನೆ. ತನ್ನ ಆ ಪೂರ್ತಿ ಅಧಿಕಾರದ ಲಾಗಿನ್ನನ್ನೇ ಇಲ್ಲಿ ಹಾಕಿದಾನೆ. ಪಾಸ್‌ವರ್ಡೂ ಇಲ್ಲೇ ಇದೆ, ಬಟಾಬಯಲಲ್ಲಿ."

ಸಾಹೇಬರು ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಬದಲಾದ ತುಂಡು ಯಾವ ಲಾಗಿನ್ನಿನಿಂದ ಬಂತೆಂದು ಡೇಟಾಬೇಸನ್ನು ಕೇಳಲು ಹೇಳಿದರು. ಬೆಸುಗೆಯಣ್ಣ ಕೇಳಿದ. ಉತ್ತರ ಬಂತು. ಅದೇ ಲಾಗಿನ್. ಇನ್ನು ಅನುಮಾನವಿರಲಿಲ್ಲ. ಜೋಡಿಸಿದವನೇ ಗುಂಡಿ ಮುಚ್ಚಿದವನು.

"ಹೆಸರಿಲ್ಲ, ಮುಖ ಇಲ್ಲ," ಎಂದಳು ಜರಡಿಯಮ್ಮ. "ಕಂಪನಿಯವರು ಬಾಯಿ ಬಿಡ್ತಾರಾ?"

"ಪಾಸ್‌ವರ್ಡಿಂದ ಏನಾದ್ರೂ ಗೊತ್ತಾಗಬಹುದು ಮೇಡಂ. ಜನ ಮಕ್ಕಳ ಹೆಸರು ಇಡ್ತಾರೆ, ಊರಿನ ಹೆಸರು ಇಡ್ತಾರೆ." ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. "ಗಿ... ರ... ಕನ್ನಡಾನೇ ಇದು. ಗಿರಕಿ. ಗಿರಕಿಬೆಕ್ಕು." ಅವನಿಗೆ ನಗು ತಡೆಯಲಿಲ್ಲ. "ಗಿರಕಿಬೆಕ್ಕು ಅಂತೆ. ಇದ್ಯಾವ ಬೆಕ್ಕು?"

ಮಂಚದ ಕೆಳಗಿಂದ ಇಣುಕುವ ಎರಡು ಕಣ್ಣು. ಅಕ್ಕ, ಗಿರಕಿಬೆಕ್ಕು ಹೋಯ್ತಾ? ಹೋಯ್ತು ಕಣೋ, ಹೊರಗೆ ಬಾ. ಅಮ್ಮ ಹೋದ ಮೇಲೆ ಅವನಿಗೆ ಉಣ್ಣಿಸಿ, ಓದಿಸಿ, ಜ್ವರ ಬಂದರೆ ಎದೆಗವಚಿಕೊಂಡು ಕೂತು ದೊಡ್ಡವನನ್ನಾಗಿ ಮಾಡಿದವಳು ಅವಳೇ. ಏನು ಕೆಲಸ ಮಾಡುತ್ತೀಯೋ ಎಂದು ಕೇಳಿದಾಗ, ಆಫೀಸುಗಳಿಗೆ ಕಂಪ್ಯೂಟರ್ ಜೋಡಿಸಿ ಕೊಡೋದು ಅಕ್ಕ, ನಿನಗೆ ಅರ್ಥ ಆಗಲ್ಲ ಎಂದಿದ್ದ. ಅವಳು ತಂತಿ, ಪ್ಲಗ್ಗು ಎಂದುಕೊಂಡು ಸುಮ್ಮನಾಗಿದ್ದಳು. ಊರಿನವರ ಮಾತನ್ನೆಲ್ಲ ಜರಡಿ ಹಿಡಿದವಳು ಮನೆಯ ಮಾತನ್ನು ಹಿಡಿದಿರಲಿಲ್ಲ.

"ಮೇಡಂ, ಈ ಪದ ಎಲ್ಲಾದ್ರೂ ಕೇಳಿದೀರಾ?"

ಬೆಸುಗೆಯಣ್ಣ ಸಹಜವಾಗಿಯೇ ಕೇಳಿದ್ದು. ಅವಳಿಗೆ ಉತ್ತರ ಗೊತ್ತಿತ್ತು. ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಹೇಳಿದ ಮಾತೂ, ಯಾರೇ ಆಗಿರಲಿ ಎಂದು ಕೊಟ್ಟ ಮಾತೂ ಇನ್ನೂ ಬಾಯಲ್ಲಿ ಹಸಿಯಾಗಿದ್ದವು.

"ಇಲ್ಲ," ಎಂದಳು ಜರಡಿಯಮ್ಮ.

ಅಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವಳೆದುರು ಕೂತು ಸುಳ್ಳು ಹೇಳಿದ ನೂರಾರು ಜನ ತಡವರಿಸಿದ್ದರು, ಉಗುಳು ನುಂಗಿದ್ದರು. ಅವಳು ಅದ್ಯಾವುದನ್ನೂ ಮಾಡಲಿಲ್ಲ.

ಹಾಗಾದರೆ ಕಂಪನಿಯವರನ್ನೇ ವಿಚಾರಿಸುತ್ತೇನೆ, ಅವರ ನಂಬರು ನನ್ನ ಮೇಜಿನಲ್ಲಿದೆ ಎಂದು ಬೆಸುಗೆಯಣ್ಣ ಎದ್ದು ಹೋದ. ಗಿರಕಿಬೆಕ್ಕು, ಗಿರಕಿಬೆಕ್ಕು ಎಂದು ಹಾಡಿನ ಹಾಗೆ ಹೇಳಿಕೊಳ್ಳುತ್ತಾ ಅವನು ದೂರವಾಗುವುದು ಹೊರಗಿನ ಪಡಸಾಲೆಯಿಂದ ಕೇಳಿಸುತ್ತಿತ್ತು.

ಆಗ ಅವಳಿಗೆ ನೆನಪಾಯಿತು, ಕೋಣೆಯಲ್ಲಿ ತಾನೊಬ್ಬಳೇ ಇಲ್ಲ ಎಂದು.

ಎದ್ದು ನಿಂತಿದ್ದರಿಂದ ಪ್ರೊಜೆಕ್ಟರಿನ ಬೆಳಕು ಅವಳ ಮೇಲೆಯೇ ಬೀಳುತ್ತಿತ್ತು. ಬೀದಿಗಳೂ ಹೊಳೆಯೂ ಅವಳ ತೋಳಿನ ಮೇಲೆ ಹರಿದಿದ್ದವು. ಹೆಸರುಕಾಳಿನಷ್ಟು ಆ ಕಲೆ ಎದೆಯ ಮೇಲೆ ಕೂತಿತ್ತು. ಅವಳು ಅದನ್ನು ಒರೆಸಲು ಹೋಗಲಿಲ್ಲ.

ಪ್ರವಚನ ಸಾಹೇಬರು ಮೇಜಿನ ಆ ಬದಿಯಲ್ಲಿ ಸುಮ್ಮನೆ ಕೂತಿದ್ದರು. ಒಂದು ಪದ ಸಿಕ್ಕಿದರೆ ಅದರ ಹುಟ್ಟು, ಬೇರು, ಕೊಂಬೆ ಎಲ್ಲ ಹೇಳದೆ ಬಿಡದವರು ಈ ಪದದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವರು ನಿಧಾನವಾಗಿ ಕತ್ತೆತ್ತಿ ಸೂರಿನಲ್ಲಿ ಸದ್ದಿಲ್ಲದೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಆಮೇಲೆ ಅವಳನ್ನು. ಆ ನೋಟದಲ್ಲಿ ಗೆದ್ದೆ ಎನ್ನುವ ಸಂತೋಷವಿರಲಿಲ್ಲ, ಅದೇ ಅವಳಿಗೆ ತಡೆಯಲಾಗದಿದ್ದದ್ದು. ಬೇರೊಬ್ಬರ ಮಾನ ಹೋಗುವುದನ್ನು ನೋಡಲಾರದೆ ನಾಚಿಕೊಳ್ಳುವವರ ಹಾಗೆ ಅವರು ಮೊದಲು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಮೇಡಂ, ನಿಮ್ಮ ತಮ್ಮ ಏನು ಕೆಲಸ ಮಾಡ್ತಾರೆ?"